ದಾರಿಗೆ ಅಡ್ಡ ನಿಂತ ಉಕ್ಕಿನ ಗೋಡೆ

ಸರ್ಕಾರದ ಹಣದಿಂದ ಸಾರ್ವಜನಿಕ ಸ್ಥಳದಲ್ಲಿ ಕಲಾಕೃತಿಯೊಂದನ್ನು ನಿಲ್ಲಿಸುವಾಗ ಅದನ್ನು ಆಯ್ಕೆ ಮಾಡುವ ಹಕ್ಕು ಯಾರದು? ನಿಲ್ಲಿಸಿದ ಮೇಲೆ, ದಿನವೂ ಅದರ ಪಕ್ಕದಲ್ಲಿ ನಡೆದುಹೋಗುವ ಜನರಿಗೆ ಅದು ಬೇಡವೆನಿಸಿದರೆ ತೆಗೆದುಹಾಕುವ ಹಕ್ಕು ಯಾರದು? ಕಲಾವಿದನದೇ, ಕಲಾತಜ್ಞರದೇ, ತೆರಿಗೆದಾರನದೇ ಅಥವಾ ಕಡತಕ್ಕೆ ಸಹಿ ಹಾಕುವ ಅಧಿಕಾರಿಯದೇ? ಕೇಳುವಾಗ ಸರಳವೆಂದು ತೋರುವ ಈ ಪ್ರಶ್ನೆಗಳು ಆಚರಣೆಯಲ್ಲಿ ಎಷ್ಟು ತೊಡಕಿನವು ಎಂಬುದನ್ನು ತಿಳಿಯಬಯಸುವವರು, ನ್ಯೂಯಾರ್ಕ್ ನಗರದಲ್ಲಿ 1981ರಿಂದ 1989ರವರೆಗೆ ನಿಂತಿದ್ದ ಒಂದು ಉಕ್ಕಿನ ಗೋಡೆಯ ಕತೆಯನ್ನು ಓದಬೇಕು.

ಅದರ ಹೆಸರು ‘ಟಿಲ್ಟೆಡ್ ಆರ್ಕ್’. ವಾಲಿದ ಬಾಗು ಎಂದು ಅರ್ಥ. ಮಾಡಿದವರು ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ. 120 ಅಡಿ ಉದ್ದ, 12 ಅಡಿ ಎತ್ತರ, ಎರಡೂವರೆ ಅಂಗುಲ ದಪ್ಪದ ಉಕ್ಕಿನ ಹಾಳೆ ಅದು. ಮ್ಯಾನ್‌ಹಟನ್‌ನ ದಕ್ಷಿಣ ಭಾಗದಲ್ಲಿ, ಜೇಕಬ್ ಜಾವಿಟ್ಸ್ ಫೆಡರಲ್ ಕಟ್ಟಡದ ಮುಂದಿನ ಅಂಗಳವನ್ನು ಸೀಳಿಕೊಂಡು, ತುಸು ಬಾಗಿ, ತುಸು ವಾಲಿ ನಿಂತಿತ್ತು. ಮೇಲೆ ಕೆತ್ತನೆಯಿಲ್ಲ, ಬಣ್ಣವಿಲ್ಲ, ಕೆಳಗೆ ಪೀಠವಿಲ್ಲ. ಯಾವ ಮಹಾಪುರುಷನ ಹೋಲಿಕೆಯೂ ಅದರಲ್ಲಿರಲಿಲ್ಲ. ತುಕ್ಕು ಹಿಡಿದ ಗೋಡೆಯೊಂದು ಕಚೇರಿಗೆ ಹೋಗುವವರ ದಾರಿಗೆ ಅಡ್ಡ ನಿಂತಂತೆ ಕಾಣುತ್ತಿತ್ತು. ಶಿಲ್ಪಿಯ ಉದ್ದೇಶವೂ ಬಹುಮಟ್ಟಿಗೆ ಅದೇ ಆಗಿತ್ತು.

ಕಾರ್ಖಾನೆಯಿಂದ ಬಂದ ಶಿಲ್ಪ

ಇಂಥ ಕೃತಿಯನ್ನು ಶಿಲ್ಪವೆಂದು ಕರೆಯುವುದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1960ರ ದಶಕದಲ್ಲಿ ನ್ಯೂಯಾರ್ಕ್‌ನ ಕೆಲವು ತರುಣ ಕಲಾವಿದರು ಉಳಿ-ಸುತ್ತಿಗೆಗಳನ್ನು ಕೆಳಗಿಟ್ಟು ಕಾರ್ಖಾನೆಗಳತ್ತ ಮುಖಮಾಡಿದರು. ಡೊನಾಲ್ಡ್ ಜಡ್ ಲೋಹದ ತಗಡು, ಪ್ಲೈವುಡ್ ಮತ್ತು ಪ್ಲೆಕ್ಸಿಗ್ಲಾಸ್‌ಗಳಿಂದ ಪೆಟ್ಟಿಗೆಗಳನ್ನು ಮಾಡಿಸಿದರು. ಡ್ಯಾನ್ ಫ್ಲಾವಿನ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟ್‌ಗಳನ್ನೇ ಗೋಡೆಗೆ ಜೋಡಿಸಿದರು. ಕಾರ್ಲ್ ಆಂಡ್ರೆ ಇಟ್ಟಿಗೆಗಳನ್ನು ಗಾರೆಯಿಲ್ಲದೆ ನೆಲದ ಮೇಲೆ ಸಾಲಾಗಿಟ್ಟರು. ಕಲಾವಿಮರ್ಶೆ ಇದನ್ನು ‘ಮಿನಿಮಲಿಸಂ’ ಎಂದು ಕರೆಯಿತು. ಕನಿಷ್ಠದಲ್ಲಿ ತೃಪ್ತಿಪಡುವ ಕಲೆ ಎಂಬ ಅರ್ಥ ಬರುವ ಈ ಹೆಸರು ಆ ಕಲಾವಿದರಲ್ಲಿ ಅನೇಕರಿಗೆ ರುಚಿಸಲಿಲ್ಲ.

ಅವರ ವಾದ ಸ್ಪಷ್ಟವಾಗಿತ್ತು. ಶಿಲ್ಪವು ಇನ್ನೊಂದು ವಸ್ತುವಿನ ಪ್ರತಿಬಿಂಬವಾಗಬೇಕಿಲ್ಲ. ಅದು ತಾನೇ ಒಂದು ವಸ್ತುವಾಗಿರಲಿ. ನೋಡುಗನು ಶಿಲ್ಪದೊಳಗೆ ಕತೆಯನ್ನು ಹುಡುಕುವ ಬದಲು ಆ ವಸ್ತು, ಅದು ನಿಂತ ಜಾಗ, ಅದರ ಮೇಲೆ ಬಿದ್ದ ಬೆಳಕು ಮತ್ತು ಅದರ ಸುತ್ತ ಚಲಿಸುವ ತನ್ನದೇ ದೇಹ ಇವುಗಳ ಸಂಬಂಧವನ್ನು ಗಮನಿಸಲಿ. ಹೀಗಾಗಿ ಕಟ್ಟಡವೂ ಶಿಲ್ಪದ ಅಂಗವಾಯಿತು. ಜಡ್ ಟೆಕ್ಸಾಸ್‌ನ ಮರುಭೂಮಿಯ ಅಂಚಿನಲ್ಲಿರುವ ಮಾರ್ಫಾ ಎಂಬ ಸಣ್ಣ ಪಟ್ಟಣಕ್ಕೆ ಹೋಗಿ, ಅಲ್ಲಿದ್ದ ಹಳೆಯ ಸೇನಾ ನೆಲೆಯ ಎರಡು ಫಿರಂಗಿ ಉಗ್ರಾಣಗಳಲ್ಲಿ 1982ರಿಂದ 1986ರ ನಡುವೆ ನೂರು ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಇರಿಸಿದರು. ಪ್ರತಿಯೊಂದರ ಹೊರ ಅಳತೆ ಒಂದೇ: 41, 51, 72 ಅಂಗುಲ. ಒಳಗಿನ ವಿಭಜನೆ ಮಾತ್ರ ಒಂದೊಂದರಲ್ಲಿ ಒಂದೊಂದು ಬಗೆ. ಉಗ್ರಾಣದ ಬಾಗಿಲುಗಳನ್ನು ತೆಗೆಸಿ ದೊಡ್ಡ ಗಾಜಿನ ಕಿಟಕಿಗಳನ್ನು ಇಡಿಸಿದರು. ಬೆಳಗಿನ ಬೆಳಕಿಗೆ ಒಂದು ರೂಪ, ಸಂಜೆಯ ಬೆಳಕಿಗೆ ಇನ್ನೊಂದು. ಪೆಟ್ಟಿಗೆಗಳನ್ನಷ್ಟೇ ಬೇರೆಡೆಗೆ ಸಾಗಿಸಿದರೆ ಆ ಕೃತಿಯ ಅರ್ಧ ಪಾಲು ಮಾರ್ಫಾದಲ್ಲಿಯೇ ಉಳಿದುಬಿಡುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇಲ್ಲಿ ಕುತೂಹಲಕರವಾದದ್ದು ಮೌಲ್ಯದ ಪ್ರಶ್ನೆ. ಹಳೆಯ ಶಿಲ್ಪದಲ್ಲಿ ವಸ್ತುವಿನ ಬೆಲೆ ಮತ್ತು ಕೈಕೆಲಸದ ಬೆಲೆ ಎರಡೂ ಕಣ್ಣಿಗೆ ಕಾಣುತ್ತಿದ್ದವು. ಇಲ್ಲಿ ವಸ್ತು ಅಗ್ಗ. ಕೈಕೆಲಸ ಕಾರ್ಖಾನೆಯ ಕಾರ್ಮಿಕರದು. ಹಾಗಾದರೆ ಖರೀದಿಸುವವನು ಹಣ ಕೊಡುವುದು ಯಾವುದಕ್ಕೆ? ಲಂಡನ್ನಿನ ಟೇಟ್ ಗ್ಯಾಲರಿ 1972ರಲ್ಲಿ ಆಂಡ್ರೆಯವರ 120 ಇಟ್ಟಿಗೆಗಳ ಕೃತಿಯನ್ನು ಕೊಂಡಿತು. ನಾಲ್ಕು ವರ್ಷ ಯಾರೂ ಏನೂ ಹೇಳಲಿಲ್ಲ. 1976ರಲ್ಲಿ ಪತ್ರಿಕೆಯೊಂದು ವಿಷಯವನ್ನು ಎತ್ತಿದಾಗ, ತೆರಿಗೆದಾರನ ಹಣವನ್ನು ಇಟ್ಟಿಗೆಗಳ ಮೇಲೆ ಸುರಿಯಲಾಗಿದೆಯೆಂದು ಬ್ರಿಟನ್ನಿನಾದ್ಯಂತ ಗದ್ದಲವೆದ್ದಿತು. ಸಂದರ್ಶಕನೊಬ್ಬ ಅದರ ಮೇಲೆ ನೀಲಿ ಬಣ್ಣ ಎರಚಿದ. ಗ್ಯಾಲರಿ ಕೃತಿಯನ್ನು ಕೈಬಿಡಲಿಲ್ಲ. ಅದು ಇಂದಿಗೂ ಟೇಟ್‌ನ ಸಂಗ್ರಹದಲ್ಲಿದೆ. ಆದರೆ ಅದು ಗ್ಯಾಲರಿಯ ನಾಲ್ಕು ಗೋಡೆಗಳ ನಡುವಿನ ಜಗಳವಾಗಿತ್ತು. ಇಷ್ಟವಿಲ್ಲದವರು ಆ ಕೊಠಡಿಗೆ ಹೋಗದಿದ್ದರೆ ಸಾಕಿತ್ತು. ಸೆರಾ ಅವರ ಗೋಡೆಯ ವಿಷಯದಲ್ಲಿ ಜನರಿಗೆ ಆ ಆಯ್ಕೆಯೂ ಇರಲಿಲ್ಲ.

ತುಕ್ಕೇ ಕವಚ

ಸೆರಾ ಹುಟ್ಟಿದ್ದು 1938ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಂದೆ ಹಡಗುಕಟ್ಟೆಯಲ್ಲಿ ಕೊಳವೆ ಜೋಡಿಸುವ ಕೆಲಸದಲ್ಲಿದ್ದರು. ಭಾರೀ ಉಕ್ಕಿನ ಹಡಗೊಂದು ನೀರಿಗಿಳಿದು ಹಗುರಾಗಿ ತೇಲಿದ ದೃಶ್ಯವನ್ನು ಬಾಲ್ಯದಲ್ಲಿ ಕಂಡದ್ದು ತಮ್ಮ ಕಲೆಯ ಬೇರು ಎಂದು ಅವರು ಹೇಳಿಕೊಂಡಿದ್ದಾರೆ. ಓದಿನ ಖರ್ಚಿಗಾಗಿ ಉಕ್ಕಿನ ಕಾರ್ಖಾನೆಗಳಲ್ಲಿ ದುಡಿದವರು. ಆದ್ದರಿಂದ ಉಕ್ಕು ಅವರಿಗೆ ಪುಸ್ತಕದಿಂದ ಬಂದ ವಿಚಾರವಾಗಿರಲಿಲ್ಲ.

ಅವರು ಬಳಸಿದ್ದು ‘ಕಾರ್ಟೆನ್’ ಎಂಬ ವ್ಯಾಪಾರನಾಮದ ಉಕ್ಕು. ತಾಮ್ರ, ಕ್ರೋಮಿಯಂ ಮೊದಲಾದವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಈ ಉಕ್ಕನ್ನು 1930ರ ದಶಕದಲ್ಲಿ ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿ ಮಾರುಕಟ್ಟೆಗೆ ತಂದಿತು. ಮೊದಲು ಬಳಕೆಯಾದದ್ದು ಕಲ್ಲಿದ್ದಲು ಸಾಗಿಸುವ ರೈಲು ವ್ಯಾಗನ್‌ಗಳಿಗೆ. ಸಾಮಾನ್ಯ ಕಬ್ಬಿಣದ ತುಕ್ಕು ಪದರ ಪದರವಾಗಿ ಉದುರಿ ಲೋಹವನ್ನು ತಿನ್ನುತ್ತದೆ. ಕಾರ್ಟೆನ್‌ನ ತುಕ್ಕು ಹಾಗಲ್ಲ. ಮಳೆ-ಬಿಸಿಲುಗಳಿಗೆ ಒಡ್ಡಿಕೊಂಡಂತೆ ಮೇಲ್ಮೈಗೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹಕ್ಕೆ ಕವಚವಾಗುತ್ತದೆ. ಬಣ್ಣ ಬಳಿಯುವ ಖರ್ಚಿಲ್ಲ. ಎಂಜಿನಿಯರನಿಗೆ ಇದು ಉಳಿತಾಯ. ಶಿಲ್ಪಿಗೆ ಕಾಲವೇ ಬಳಿಯುವ ಬಣ್ಣ. ದಾರಿಹೋಕನಿಗೆ ಮಾತ್ರ ಬರಿಯ ತುಕ್ಕು. ಒಂದೇ ವಸ್ತುವಿನ ಈ ಮೂರು ದರ್ಶನಗಳ ನಡುವಿನ ಅಂತರವೇ ಮುಂದಿನ ವಿವಾದದ ಬೀಜ.

ಈ ಭಾರದ ಕಲೆಗೆ ಕರಾಳ ಮುಖವೂ ಇತ್ತೆಂಬುದನ್ನು ಮರೆಯುವಂತಿಲ್ಲ. 1971ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೆರಾ ಅವರ ಕೃತಿಯೊಂದನ್ನು ನಿಲ್ಲಿಸುವಾಗ ಉಕ್ಕಿನ ಫಲಕ ಉರುಳಿ ಕಾರ್ಮಿಕನೊಬ್ಬ ಪ್ರಾಣ ಕಳೆದುಕೊಂಡ. ಟನ್‌ಗಟ್ಟಲೆ ಲೋಹವನ್ನು ಸಮತೋಲದಲ್ಲಿ ನಿಲ್ಲಿಸುವ ಸೌಂದರ್ಯದ ಹಿಂದೆ ಅದನ್ನು ಎತ್ತಿ ಇಳಿಸುವ ಅನಾಮಿಕರ ಅಪಾಯವಿದೆ.

122 ಮತ್ತು 58

ಅಮೆರಿಕದ ಸರ್ಕಾರಿ ಕಟ್ಟಡಗಳನ್ನು ಕಟ್ಟಿಸಿ ನೋಡಿಕೊಳ್ಳುವ ಸಂಸ್ಥೆ ಜನರಲ್ ಸರ್ವೀಸಸ್ ಅಡ್ಮಿನಿಸ್ಟ್ರೇಷನ್. ಸ್ಥೂಲವಾಗಿ ನಮ್ಮ ಕೇಂದ್ರ ಲೋಕೋಪಯೋಗಿ ಇಲಾಖೆಯಂಥದು. ಕಟ್ಟಡದ ಅಂದಾಜು ವೆಚ್ಚದ ಶೇ 0.5ರಷ್ಟನ್ನು ಕಲಾಕೃತಿಗಾಗಿ ಮೀಸಲಿಡುವ ಯೋಜನೆ ಅದರದು. 1979ರಲ್ಲಿ, ತಜ್ಞರ ಸಮಿತಿಯ ಶಿಫಾರಸಿನಂತೆ, ಸಂಸ್ಥೆ ಸೆರಾ ಅವರಿಗೆ 1,75,000 ಡಾಲರ್‌ಗಳಿಗೆ ಕೆಲಸ ಒಪ್ಪಿಸಿತು. ವಿಧಿವಿಧಾನಗಳೆಲ್ಲ ಕ್ರಮಬದ್ಧ. ಆದರೆ ಆ ಅಂಗಳವನ್ನು ದಿನವೂ ದಾಟುವ ಸಾವಿರಾರು ನೌಕರರನ್ನು ಯಾರೂ ವಿಶ್ವಾಸಕ್ಕೆ ತೆಗೆದುಕೊಂಡಿರಲಿಲ್ಲ. 1981ರಲ್ಲಿ ಗೋಡೆ ಎದ್ದು ನಿಂತಾಗ, ಅವರಿಗೆ ಅದು ಮೇಲಿನಿಂದ ಬಂದ ಇನ್ನೊಂದು ಆದೇಶದಂತೆ ಕಂಡಿತು. ಕೆಲವೇ ತಿಂಗಳಲ್ಲಿ ಸಹಿ ಸಂಗ್ರಹ ಶುರುವಾಯಿತು. ಅಲ್ಲಿನ ನ್ಯಾಯಾಧೀಶರೊಬ್ಬರೇ ವಿರೋಧದ ಮುಂಚೂಣಿಯಲ್ಲಿದ್ದರು.

1985ರ ಮಾರ್ಚ್‌ನಲ್ಲಿ ಮೂರು ದಿನಗಳ ಬಹಿರಂಗ ವಿಚಾರಣೆ ನಡೆಯಿತು. 180 ಮಂದಿ ಮಾತನಾಡಿದರು: ಉಳಿಸಬೇಕೆಂದವರು 122, ತೆಗೆಯಬೇಕೆಂದವರು 58. ಕಲಾವಿದರು, ವಸ್ತುಸಂಗ್ರಹಾಲಯದವರು, ವಿಮರ್ಶಕರು ಶಿಲ್ಪದ ಪರ ನಿಂತರು. ನೌಕರರು ತಮ್ಮ ಸಂಕಟ ಹೇಳಿಕೊಂಡರು: ಮಧ್ಯಾಹ್ನದ ಊಟಕ್ಕೆ ಕೂರುವ, ಸಂಗೀತ ಕೇಳುವ ಬಯಲು ಹೋಯಿತು, ಗೋಡೆಯ ಮೇಲೆ ಗೀಚುಬರಹ ತುಂಬಿತು, ಇಲಿಗಳು ಸೇರಿಕೊಂಡವು. ಬಾಂಬ್ ಸಿಡಿದರೆ ಈ ಗೋಡೆ ಸ್ಫೋಟದ ರಭಸವನ್ನು ಕಟ್ಟಡದತ್ತ ತಿರುಗಿಸಬಹುದೆಂದು ಭದ್ರತಾ ಪರಿಣತರೊಬ್ಬರು ಹೇಳಿಕೆ ಕೊಟ್ಟರು. ಕೊನೆಗೆ ಐವರ ಸಮಿತಿ ನಾಲ್ಕು-ಒಂದರ ಬಹುಮತದಿಂದ ಶಿಲ್ಪವನ್ನು ಬೇರೆಡೆಗೆ ಸಾಗಿಸಲು ಶಿಫಾರಸು ಮಾಡಿತು. ಆ ಸಮಿತಿಯನ್ನು ನೇಮಿಸಿ ಅಧ್ಯಕ್ಷತೆ ವಹಿಸಿದವರು ಸಂಸ್ಥೆಯ ಪ್ರಾದೇಶಿಕ ಮುಖ್ಯಸ್ಥರೇ. ಅವರು ಮೊದಲೇ ತೀರ್ಮಾನಿಸಿದ್ದರೆಂಬುದು ಸೆರಾ ಪರದವರ ಆಕ್ಷೇಪವಾಗಿತ್ತು.

ಆಡಳಿತ ಸೇವೆಯಲ್ಲಿ ದಶಕಗಳನ್ನು ಕಳೆದ ನನ್ನಂಥವರಿಗೆ ಈ ಅಂಕಿಗಳು ಎರಡು ಮಾತನ್ನು ಹೇಳುತ್ತವೆ. ಮೊದಲನೆಯದು, ಅಹವಾಲು ಸಭೆಯಲ್ಲಿ ಎದ್ದ ಕೈಗಳ ಎಣಿಕೆ ಜನಮತದ ಎಣಿಕೆಯಲ್ಲ. ಸಭೆಗೆ ಬರುವವರು ಸಂಘಟಿತರು, ಮಾತು ಬಲ್ಲವರು, ಬಿಡುವಿರುವವರು. ಗುಮಾಸ್ತನು ರಜೆ ಹಾಕಿ ಬಂದು ಮೈಕಿನ ಮುಂದೆ ನಿಲ್ಲುವುದು ಅಪರೂಪ. ಆದ್ದರಿಂದ 122 ಎಂಬ ಸಂಖ್ಯೆಯೊಂದೇ ಶಿಲ್ಪವನ್ನು ಉಳಿಸಲು ಸಾಕಾಗದು. ಎರಡನೆಯದು, ವಿಚಾರಣೆ ಮುಗಿಯುವ ಮುನ್ನವೇ ಫಲಿತಾಂಶ ನಿಶ್ಚಿತವೆಂಬ ಭಾವನೆ ಬಂದರೆ ಆ ವಿಚಾರಣೆ ಬರಿಯ ಶಾಸ್ತ್ರ. ಗೋಡೆಯನ್ನು ನಿಲ್ಲಿಸುವಾಗ ತಜ್ಞರು ಜನರನ್ನು ಕೇಳಲಿಲ್ಲ. ತೆಗೆಯುವಾಗ ಅಧಿಕಾರಿಗಳು ಕೇಳಿದಂತೆ ಮಾಡಿದರು. ಇವೆರಡರಲ್ಲಿ ಯಾವುದು ಹೆಚ್ಚು ದೋಷವೆಂದು ತೂಗುವುದು ಕಷ್ಟ.

ಸ್ಥಳಕ್ಕಾಗಿಯೇ ಹುಟ್ಟಿದ ಕೃತಿಯನ್ನು ಅಲ್ಲಿಂದ ಕದಲಿಸಿದರೆ ಅದು ನಾಶವಾದಂತೆಯೇ ಎಂಬುದು ಸೆರಾ ಅವರ ನಿಲುವಾಗಿತ್ತು. ಅವರು ನ್ಯಾಯಾಲಯಕ್ಕೆ ಹೋದರು. 1988ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ವಾದವನ್ನು ತಳ್ಳಿಹಾಕಿತು. ಹಣ ಪಡೆದು ಮಾರಿದ ಮೇಲೆ ಶಿಲ್ಪ ಸರ್ಕಾರದ ಸ್ವತ್ತು. ಅದನ್ನು ಎಲ್ಲಿಡಬೇಕೆಂಬುದು ಸರ್ಕಾರಕ್ಕೆ ಬಿಟ್ಟದ್ದು ಎಂಬುದು ತೀರ್ಪಿನ ತಿರುಳು. 1989ರ ಮಾರ್ಚ್ 15ರ ರಾತ್ರಿ ಕಾರ್ಮಿಕರು ಬಂದು ಗೋಡೆಯನ್ನು ಮೂರು ತುಂಡುಗಳಾಗಿ ಬೇರ್ಪಡಿಸಿ ಸರ್ಕಾರಿ ಉಗ್ರಾಣಕ್ಕೆ ಸಾಗಿಸಿದರು. ಬೇರೆಡೆ ನಿಲ್ಲಿಸಲು ಸೆರಾ ಒಪ್ಪಲಿಲ್ಲ. 2024ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗಲೂ ಆ ತುಂಡುಗಳು ಮತ್ತೆ ಶಿಲ್ಪವಾಗಿರಲಿಲ್ಲ. ಮಾಡಿಸಲು ಖರ್ಚು, ತೆಗೆಸಲು ಖರ್ಚು, ಕಾಯಲು ಖರ್ಚು: ಹೀಗೆ ಮುಗಿಯದ ಕಡತಗಳನ್ನು ನಾವೂ ಕಂಡಿದ್ದೇವೆ.

ಬೆಂಗಳೂರಿನ ಕಲ್ಲು

ಈ ಕತೆಯಿಂದ, ಸಾಮಾನ್ಯ ಜನರಿಗೆ ಇಂಥ ನಿರಾಭರಣ ಕಲೆ ಒಗ್ಗುವುದಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಅದು ತಪ್ಪು ಎನ್ನಲು ಅದೇ ದೇಶದ, ಅದೇ ಕಾಲದ ಇನ್ನೊಂದು ಗೋಡೆ ಸಾಕ್ಷಿಯಾಗಿದೆ. ವಾಷಿಂಗ್ಟನ್ನಿನ ವಿಯೆಟ್ನಾಂ ಯೋಧರ ಸ್ಮಾರಕ 1982ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ರೂಪಿಸಿದ ಆ ಸ್ಮಾರಕದಲ್ಲಿ ಕುದುರೆ ಏರಿದ ಸೇನಾನಿಯಿಲ್ಲ, ಧ್ವಜವಿಲ್ಲ. ನೆಲದೊಳಕ್ಕೆ ಇಳಿದಂತಿರುವ, ಕೋನವಾಗಿ ಕೂಡುವ ಎರಡು ಕಪ್ಪು ಗ್ರಾನೈಟ್ ಗೋಡೆಗಳು. ಒಂದೊಂದೂ ಸುಮಾರು 246 ಅಡಿ ಉದ್ದ. ಅದರ ಮೇಲೆ ಮಡಿದವರ ಮತ್ತು ಕಾಣೆಯಾದವರ ಹೆಸರುಗಳು, ಸತ್ತ ದಿನದ ಅನುಕ್ರಮದಲ್ಲಿ. ಇಂದು ಅವುಗಳ ಸಂಖ್ಯೆ 58 ಸಾವಿರಕ್ಕೂ ಹೆಚ್ಚು. ಕನ್ನಡಿಯಂತೆ ಹೊಳೆಯುವ ಆ ಕಪ್ಪು ಕಲ್ಲು ಹೋದದ್ದು ನಮ್ಮ ಬೆಂಗಳೂರಿನಿಂದ ಎಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಈ ಗೋಡೆಗೂ ವಿರೋಧವಿರಲಿಲ್ಲವೆಂದಲ್ಲ. ಕಪ್ಪು ಬಣ್ಣ ಅವಮಾನದ ಗುರುತೆಂದು ಕೆಲವು ಮಾಜಿ ಯೋಧರು ಕೆರಳಿದರು. ರಾಜಿಯ ಫಲವಾಗಿ 1984ರಲ್ಲಿ ಹತ್ತಿರದಲ್ಲೇ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನು ನಿಲ್ಲಿಸಲಾಯಿತು. ಆದರೆ ಜನ ಬಂದರು, ಮತ್ತೆ ಮತ್ತೆ ಬಂದರು. ಹೆಸರನ್ನು ಹುಡುಕಿ ಬೆರಳಿನಿಂದ ಸವರಿದರು; ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡರು; ಗೋಡೆಯ ಬುಡದಲ್ಲಿ ಹೂವು, ಪತ್ರ, ಬೂಟುಗಳನ್ನಿಟ್ಟು ಹೋದರು.

ಎರಡೂ ಗೋಡೆಗಳು ಒಂದೇ ಕಲಾಭಾಷೆಯವು. ಫಲಿತಾಂಶ ಮಾತ್ರ ಏಕೆ ಬೇರೆಯಾಯಿತು? ನನ್ನ ದೃಷ್ಟಿಯಲ್ಲಿ ಕಾರಣಗಳು ಎರಡು. ಸ್ಮಾರಕದ ವಿನ್ಯಾಸ 1,421 ಪ್ರವೇಶಗಳಿದ್ದ ಮುಕ್ತ ಸ್ಪರ್ಧೆಯಿಂದ ಬಂದಿತ್ತು. ಹಣ ಖಾಸಗಿ ದೇಣಿಗೆಗಳಿಂದ ಕೂಡಿತ್ತು. ಜಗಳವಾಡಬೇಕಾದವರು ಕಟ್ಟುವ ಮೊದಲೇ ಜಗಳವಾಡಿದ್ದರು. ಇನ್ನೂ ಮುಖ್ಯವಾದದ್ದು, ಆ ಗೋಡೆ ಬಂದವನಿಗೆ ಮಾಡಲು ಒಂದು ಕೆಲಸ ಕೊಟ್ಟಿತು. ಹುಡುಕು, ಮುಟ್ಟು, ನಿನ್ನ ಮುಖವನ್ನೂ ಅದರಲ್ಲಿ ಕಾಣು ಎಂದಿತು. ನ್ಯೂಯಾರ್ಕಿನ ಗೋಡೆ ಸುತ್ತಿ ಹೋಗು ಎಂದಷ್ಟೇ ಹೇಳಿತು.

ಸೆರಾ ಅವರ ಕಲೆಯಲ್ಲೇ ಕೊರತೆಯಿತ್ತೆಂದೂ ಹೇಳಲಾಗದು. ಸ್ಪೇನಿನ ಬಿಲ್ಬಾವೊ ಒಂದು ಕಾಲಕ್ಕೆ ಉಕ್ಕು ಮತ್ತು ಹಡಗು ನಿರ್ಮಾಣದ ಊರು. ಆ ಉದ್ದಿಮೆಗಳು ಕುಸಿದ ಮೇಲೆ 1997ರಲ್ಲಿ ನದಿಯ ದಂಡೆಯಲ್ಲಿ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ ಎದ್ದಿತು. ಅಲ್ಲಿನ ಸುಮಾರು 130 ಮೀಟರ್ ಉದ್ದದ ಸಭಾಂಗಣದಲ್ಲಿ 2005ರಿಂದ ಸೆರಾ ಅವರ ಎಂಟು ಕೃತಿಗಳ ಸಮೂಹ ಶಾಶ್ವತವಾಗಿ ನೆಲೆಸಿದೆ. ಸುರುಳಿಯಾಗಿ, ಅಲೆಯಾಗಿ ಬಾಗಿದ ಸಾವಿರ ಟನ್ನಿಗೂ ಮಿಗಿಲಾದ ಉಕ್ಕಿನ ಓಣಿಗಳಲ್ಲಿ ಜನ ನಡೆದಾಡುತ್ತಾರೆ. ಗೋಡೆಗಳು ಮೈಮೇಲೆ ಬಂದಂತೆ, ಮರುಗಳಿಗೆ ಸರಿದು ದಾರಿ ಬಿಟ್ಟಂತೆ ಭಾಸವಾಗುತ್ತದೆ. ಕುಲುಮೆಗಳು ಆರಿದ ಊರಿಗೆ ಉಕ್ಕು ಕಲೆಯಾಗಿ ಮರಳಿತು. ವ್ಯತ್ಯಾಸ ಇಷ್ಟೆ: ಇಲ್ಲಿ ಜನ ಟಿಕೆಟ್ ಕೊಂಡು ತಾವಾಗಿ ಒಳಗೆ ಬರುತ್ತಾರೆ. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಒಂದು ಕಡೆ ಸ್ವಯಂ ಇಚ್ಛೆಯ ವಿನಿಮಯ, ಇನ್ನೊಂದು ಕಡೆ ಒಪ್ಪಿಗೆಯಿಲ್ಲದೆ ಮೇಲೆ ಬಿದ್ದ ಹೊರೆ.

ನಮ್ಮ ನ್ಯಾಯಾಲಯ ಹೇಳಿದ್ದು

ಈ ವಿಷಯದಲ್ಲಿ ಭಾರತ ಅಮೆರಿಕಕ್ಕಿಂತ ಹಿಂದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ದೆಹಲಿಯ ವಿಜ್ಞಾನ ಭವನದ ಗೋಡೆಯ ಮೇಲೆ ಶಿಲ್ಪಿ ಅಮರನಾಥ ಸೆಹಗಲ್ ಅವರು ಸರ್ಕಾರದ ಕೋರಿಕೆಯಂತೆ ರಚಿಸಿದ ಬೃಹತ್ ಕಂಚಿನ ಭಿತ್ತಿಶಿಲ್ಪವಿತ್ತು. 1979ರಲ್ಲಿ ಕಟ್ಟಡದ ನವೀಕರಣದ ವೇಳೆ ಶಿಲ್ಪಿಗೆ ಒಂದು ಮಾತೂ ತಿಳಿಸದೆ ಅದನ್ನು ಕಿತ್ತು ಉಗ್ರಾಣಕ್ಕೆ ತಳ್ಳಲಾಯಿತು. ಸೆಹಗಲ್ 1992ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 2005ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್, ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ನಿನಡಿ, ಕೃತಿ ಮಾರಾಟವಾದ ಮೇಲೂ ಕಲಾವಿದನಿಗೆ ಅದರ ಸಮಗ್ರತೆಯ ಮೇಲೆ ನೈತಿಕ ಹಕ್ಕು ಉಳಿಯುತ್ತದೆ ಎಂದು ಎತ್ತಿಹಿಡಿದು, ಅಳಿದುಳಿದ ಭಾಗಗಳನ್ನು ಶಿಲ್ಪಿಗೆ ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಸರ್ಕಾರಕ್ಕೆ ಆದೇಶಿಸಿತು. ಅಮೆರಿಕದಲ್ಲಿ ದೃಶ್ಯಕಲಾವಿದರ ಇಂಥ ಹಕ್ಕಿಗೆ ಕೇಂದ್ರ ಕಾನೂನು ಬಂದದ್ದು ಸೆರಾ ಪ್ರಕರಣ ಮುಗಿದ ಮೇಲೆ, 1990ರಲ್ಲಿ.

ಕಲಾವಿದನ ಹಕ್ಕು ಹೀಗೆ ಒಂದಿಷ್ಟು ಗಟ್ಟಿಯಾಯಿತು. ದಾರಿಹೋಕನ ಹಕ್ಕಿನ ಗತಿಯೇನು? ಜನರ ಮೆಚ್ಚುಗೆಯೊಂದೇ ಮಾನದಂಡವಾದರೆ ಪ್ಯಾರಿಸ್ಸಿನ ಐಫೆಲ್ ಗೋಪುರವೂ ಉಳಿಯುತ್ತಿರಲಿಲ್ಲ. 1887ರಲ್ಲಿ ಅದರ ವಿರುದ್ಧ ಪ್ರತಿಭಟನಾ ಪತ್ರ ಬರೆದವರು ಆ ನಗರದ ಖ್ಯಾತ ಸಾಹಿತಿ-ಕಲಾವಿದರೇ. ಅಭಿರುಚಿ ಬೆಳೆಯಲು ಕಾಲ ಬೇಕು. ಆದರೆ ಕಾಲ ಕೊಡುವಂತೆ ಜನರನ್ನು ಕೇಳಬೇಕಾದವರು ಮೊದಲು ಅವರಿಗೆ ವಿವರಣೆ ಕೊಡಬೇಕು.

ಆದ್ದರಿಂದ ಕೆಲವು ಸರಳ ನಿಯಮಗಳು ಸಾಕೆಂದು ನನಗನಿಸುತ್ತದೆ. ತಜ್ಞರ ಆಯ್ಕೆ ಸಮಿತಿಯಲ್ಲಿ ಆ ಸ್ಥಳವನ್ನು ದಿನವೂ ಬಳಸುವವರ ಪ್ರತಿನಿಧಿಗಳಿರಲಿ. ಅಮೆರಿಕದ ಆ ಸಂಸ್ಥೆಯೇ ಈ ವಿವಾದದ ನಂತರ ಸ್ಥಳೀಯರನ್ನು ಒಳಗೊಳ್ಳುವ ಕ್ರಮಕ್ಕೆ ಬಂತು. ಕಟ್ಟುವ ಮೊದಲು ಪೂರ್ಣ ಅಳತೆಯ ಮಾದರಿಯನ್ನು ಸ್ಥಳದಲ್ಲಿ ನಿಲ್ಲಿಸಿ ಜನರಿಗೆ ತೋರಿಸಲಿ. ಎಷ್ಟು ವರ್ಷ ಕೃತಿಯನ್ನು ಕದಲಿಸುವಂತಿಲ್ಲ, ಆಮೇಲೆ ಯಾರು, ಯಾವ ಕ್ರಮದಲ್ಲಿ ಮರುಪರಿಶೀಲಿಸಬೇಕು ಎಂಬುದನ್ನು ಕರಾರಿನಲ್ಲೇ ಬರೆಯಲಿ. ಮರುಪರಿಶೀಲನೆ ಮಾಡುವವರು, ಮೊದಲೇ ಒಂದು ಪಕ್ಷ ವಹಿಸಿದವರಾಗದಿರಲಿ. ತೆಗೆಯಲೇಬೇಕಾಗಿ ಬಂದರೆ, ಕಾರಣವನ್ನು ಬರೆದು ಪ್ರಕಟಿಸಿ, ಹಗಲಿನಲ್ಲೇ ತೆಗೆಯಲಿ.

ನ್ಯೂಯಾರ್ಕಿನ ಆ ಅಂಗಳದಲ್ಲಿ 1990ರ ದಶಕದಲ್ಲಿ ಸುರುಳಿ ಸುರುಳಿಯಾದ ಹಸಿರು ಬೆಂಚುಗಳನ್ನು ಹಾಕಿದರು. ಜನ ಕುಳಿತರು, ಊಟ ಮಾಡಿದರು. ಕೆಲವು ವರ್ಷಗಳ ನಂತರ ಅಂಗಳವನ್ನು ಮತ್ತೊಮ್ಮೆ ಹೊಸದಾಗಿ ರೂಪಿಸಲಾಯಿತು, ಬೆಂಚುಗಳೂ ಹೋದವು. ಅವುಗಳಿಗಾಗಿ ಯಾರೂ ಮೂರು ದಿನ ವಾದಿಸಲಿಲ್ಲ. ಹೆಚ್ಚಿನವರು ದ್ವೇಷಿಸಿದ ಆ ತುಕ್ಕುಗೋಡೆ, ಸಾರ್ವಜನಿಕ ಸ್ಥಳವೆಂದರೆ ಯಾರದು ಎಂದು ಒಂದು ನಗರವನ್ನು ಎಂಟು ವರ್ಷ ಯೋಚಿಸುವಂತೆ ಮಾಡಿತು. ಆ ಯೋಚನೆಯನ್ನು ಗೋಡೆ ಏಳುವ ಮೊದಲೇ ಮಾಡಿದ್ದರೆ ಶಿಲ್ಪವೂ ಉಳಿಯುತ್ತಿತ್ತು, ಬಹುಶಃ ಬೇರೊಂದು ಸ್ಥಳಕ್ಕೆಂದೇ ಹುಟ್ಟಿ. ನೌಕರರ ಬಯಲೂ ಉಳಿಯುತ್ತಿತ್ತು.